ಸಜ್ಜನನ ಪಾಲಿನ ಒಳ್ಳೆಯತನ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನ ಹೆಂಡತಿಗೆ ಇಟ್ಟಿದ್ದ ಹೆಸರು ಮೂಗುಮುರುಕಿ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಹೊಸ ಮೇಲ್ವಿಚಾರಕ ಬಂದರೆ ಮೂಗು ಮುರಿಯುತ್ತಿದ್ದಳು, ಹೊಸ ಸೋಪಿನ ಪುಡಿ ಬಂದರೂ ಮುರಿಯುತ್ತಿದ್ದಳು. ನನ್ನನ್ನು ಮೊದಲ ಸಲ ನೋಡಿದಾಗಲೂ ಮುರಿದಿದ್ದಳಂತೆ. ಹಾಗಾದರೆ ಯಾಕೆ ಒಪ್ಪಿಕೊಂಡೆ ಅಂತ ಕೇಳಿದರೆ, "ಮಿಕ್ಕವರು ಇನ್ನೂ ಕಡೆಯಾಗಿದ್ರು" ಅನ್ನುತ್ತಾಳೆ. ಇದನ್ನು ಪ್ರೀತಿ ಅಂತ ತಿಳಿದುಕೊಳ್ಳುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು.

ಅವಳ ಕೆಲಸ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಒಗೆದು ಹಿಂಡಿದ ಹಾಸಿಗೆ ಬಟ್ಟೆಗಳು ಗಾಡಿಯಲ್ಲಿ ಬರುತ್ತವೆ. ಇಬ್ಬರು ಹೆಂಗಸರು ಎರಡು ತುದಿ ಹಿಡಿದು, ಕೊಡವಿ, ಇಸ್ತ್ರಿ ಯಂತ್ರದ ಕಾದ ಉರುಳೆಯ ಬಾಯಿಗೆ ಕೊಡಬೇಕು. ಆ ಕಡೆಯಿಂದ ಅದು ಒಣಗಿ, ಹಪ್ಪಳದಂತೆ ಚಪ್ಪಟೆಯಾಗಿ ಹೊರಬರುತ್ತದೆ. ಹೊರಬಂದದ್ದನ್ನು ಮಡಿಸಬೇಕು. ಕಿಟಕಿಯಿಲ್ಲ, ಆವಿ ಮಾತ್ರ. ಅವಳ ಬೆರಳ ತುದಿಗಳು ಎಷ್ಟು ಜಡ್ಡುಗಟ್ಟಿದ್ದವೆಂದರೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. "ಮೇಲೆ ವಾರ್ಡಲ್ಲಿ ದೊಡ್ಡ ಮನುಷ್ಯ, ಸಣ್ಣ ಮನುಷ್ಯ ಅಂತ ಇರ್ತಾರೇನೋ. ಕೆಳಗೆ ನಮ್ಮ ಹತ್ರ ಬರೋ ಹೊತ್ತಿಗೆ ಎಲ್ಲಾ ಒಂದೇ ಕಲೆ" ಅನ್ನುವುದು ಅವಳ ಮಾತು. ದೊಡ್ಡ ಮನುಷ್ಯರ ಬಗ್ಗೆ ಅವಳಿಗಿದ್ದ ಅಸಡ್ಡೆಯೆಲ್ಲ ಆ ನೆಲಮಾಳಿಗೆಯಲ್ಲೇ ಬೆಂದು ಗಟ್ಟಿಯಾದದ್ದು.

ನಾನು ಬೀಗ ರಿಪೇರಿ ಮಾಡುವವನು. ಬಸ್ ನಿಲ್ದಾಣದ ಗೋಡೆಗೆ ಒರಗಿಕೊಂಡ ಒಂದು ಗೂಡಂಗಡಿ, ಕೀಲಿಕೈ ಕೊರೆಯುವ ಒಂದು ಯಂತ್ರ, ಇಷ್ಟೇ ನನ್ನ ಸಂಸ್ಥಾನ. ಹುಟ್ಟಿನಿಂದ ಯಾರನ್ನಾದರೂ ನಂಬಿಬಿಡುವ ಜಾಯಮಾನ ನನ್ನದು. ಆದರೆ ಮೂಗುಮುರುಕಿಯ ಜೊತೆ ಇಷ್ಟು ವರ್ಷ ಬಾಳಿದ ಮೇಲೆ ನನ್ನ ಮೂಗೂ ಸ್ವಲ್ಪ ಸೊಟ್ಟಗಾಗಿದೆ. ನಾನು ಹೇಳುವ ಧಾಟಿ ನಿಮಗೆ ಕಹಿ ಅನ್ನಿಸಿದರೆ ಅದು ಅವಳಿಂದ ಅಂಟಿಕೊಂಡದ್ದು.

ಮದುವೆಯಾದಾಗ ಹೆಂಡತಿಯ ಜೊತೆಗೆ ಬಾಮೈದನೂ ಮನೆ ತುಂಬಿದ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಅವಳೇ ಸಾಕಿದ್ದಳು. ಅವನಿಗೆ ಹಗಲು ಮರದ ಸಾಮಾನಿನ ಗೋದಾಮಿನಲ್ಲಿ ಬೀರು, ಮಂಚ ಎತ್ತುವ ಕೆಲಸ. ಸಂಜೆ ಟೈರ್ ಅಂಗಡಿಯ ಹಿಂದಿನ ಕ್ಲಬ್ಬಿನಲ್ಲಿ ಬಾಕ್ಸಿಂಗ್. ತಲೆ ತಗ್ಗಿಸಿ ನುಗ್ಗುತ್ತಿದ್ದನಾದ್ದರಿಂದ ಅವನನ್ನು ಗೂಳಿ ಅಂತ ಕರೆಯುತ್ತಿದ್ದರು. ಅವನನ್ನು ನಾನು ಹೊಗಳಲಾರೆ. ಬಾಯಿ ಹೊಲಸು. ರೆಫರಿಯ ಕಾಲ ಬಳಿ ಉಗಿದು ಎಚ್ಚರಿಕೆ ಪಡೆದವನು. ಮನೆಯಲ್ಲಿ ಒಂದು ಬಕೆಟ್ ನೀರನ್ನು ಈ ಕಡೆಯಿಂದ ಆ ಕಡೆ ಇಟ್ಟವನಲ್ಲ. "ಇಬ್ಬರು ದಾಂಡಿಗರು ಚಡ್ಡಿ ಹಾಕ್ಕೊಂಡು ಹೊಡೆದಾಡೋದು, ಅದಕ್ಕೊಂದು ಟಿಕೆಟ್ಟು" ಅಂತ ಅವಳು ಬೈಯುವುದು, "ನಿಂಗೇನು ಗೊತ್ತಕ್ಕಾ" ಅಂತ ಇವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು. ಅಷ್ಟೇ ಇಬ್ಬರ ಮಾತುಕತೆ.

ಇನ್ನು ಸಜ್ಜನನ ವಿಷಯ. ಅವನೂ ಅದೇ ತೂಕದ ಬಾಕ್ಸರ್. ಆಟದ ಸಾಮಾನಿನ ಅಂಗಡಿಯವರ ಮಗ. ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಸಿದ ಬಟ್ಟೆಯಂಥ ನಡವಳಿಕೆ. ಪಂದ್ಯಕ್ಕೆ ಮುಂಚೆ ತೀರ್ಪುಗಾರರಿಗೆಲ್ಲ ಒಬ್ಬೊಬ್ಬರಿಗೂ ಕೈಮುಗಿಯುತ್ತಿದ್ದ. ಗೆದ್ದರೆ ಮೈಕ್ ಹಿಡಿದು "ಇದು ನಮ್ಮಮ್ಮನ ಗೆಲುವು" ಅನ್ನುತ್ತಿದ್ದ. ಸೋತರೆ "ಅವರು ನನಗಿಂತ ಚೆನ್ನಾಗಿ ಆಡಿದರು" ಅನ್ನುತ್ತಿದ್ದ. ಬಾಕ್ಸರ್ ಅಂದರೆ ಕುಡಿದು ಗಲಾಟೆ ಮಾಡುವವನು ಅಂತ ಅಂದುಕೊಂಡಿದ್ದ ಜನಕ್ಕೆ ಇವನನ್ನು ಕಂಡು ಎಲ್ಲಿಲ್ಲದ ಸಂತೋಷ. ಪತ್ರಿಕೆಯೊಂದು ಅವನಿಗೆ ರಿಂಗಿನ ಸಜ್ಜನ ಅಂತ ಬಿರುದು ಕೊಟ್ಟಿತು. ಆಮೇಲೆ ಅವನ ನಿಜವಾದ ಹೆಸರು ಅವನ ಅಮ್ಮನಿಗಾದರೂ ನೆನಪಿತ್ತೋ ಇಲ್ಲವೋ. ನಾನೂ ಅವನ ಚಿತ್ರವಿದ್ದ ಕ್ಯಾಲೆಂಡರನ್ನು ಗೂಡಂಗಡಿಯಲ್ಲಿ ನೇತುಹಾಕಿದ್ದೆ. ಕೀಲಿಕೈ ಕಳೆದುಕೊಂಡು ಬಂದವರೆಲ್ಲ ಅದನ್ನು ನೋಡಿ, "ಹುಡುಗರು ಅಂದ್ರೆ ಹೀಗಿರಬೇಕು" ಅನ್ನುತ್ತಿದ್ದರು.

ಇವರಿಬ್ಬರಿಗೂ ಪಂದ್ಯ ಬಿತ್ತು. ಜನರ ಪಾಲಿಗೆ ಅದು ಪಂದ್ಯವೇ ಅಲ್ಲ, ಒಳ್ಳೆಯವನಿಗೂ ಕೆಟ್ಟವನಿಗೂ ನಡೆಯುವ ವ್ಯಾಜ್ಯ. ಗೂಳಿ ರಿಂಗಿಗೆ ಹತ್ತಿದಾಗ ಶಿಳ್ಳೆ ಹಾಕಿ ಛೀಮಾರಿ ಹಾಕಿದರು. ಮೊದಲ ಸುತ್ತುಗಳಲ್ಲಿ ಗೂಳಿಯೇ ಮುಂದಿದ್ದ; ಅವನ ಒಂದು ಎಡಗೈ ಏಟಿಗೆ ಸಜ್ಜನನ ದವಡೆ ವಾಲಿದ್ದನ್ನು ನಾನೇ ಕಂಡೆ. ಆಮೇಲೆ ಗೂಳಿಗೆ ಉಸಿರು ಸಾಲದಾಯಿತು. ಕೈ ಕೆಳಗಿಳಿಯಿತು. ಅವನು ಹಗ್ಗಕ್ಕೆ ಒರಗಿ ನಿಂತು ಹೊಡೆತ ತಿನ್ನುತ್ತಿದ್ದಾಗ ನಮ್ಮ ಸಜ್ಜನ ನಿಲ್ಲಿಸಲಿಲ್ಲ. ನಿಲ್ಲಿಸಬೇಕಾದವನು ರೆಫರಿ, ನಿಜ. ಸಜ್ಜನನಿಗೆ ಅಂತ ಬೇರೆ ನ್ಯಾಯ ಇಲ್ಲ, ಅದೂ ನಿಜ. ಗೂಳಿ ಬಿದ್ದ. ತಲೆ ನೆಲಕ್ಕೆ ಬಡಿದ ಸದ್ದು ನನ್ನ ಸಾಲಿನವರೆಗೂ ಕೇಳಿಸಿತು.

ಆಗ ಸಜ್ಜನ ಮಂಡಿಯೂರಿ, ಗೂಳಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ. ನಿಜವಾಗಿಯೂ ಅತ್ತ, ನನ್ನ ಹೆಂಡತಿ ಕೂಡ ಅದನ್ನು ಅಲ್ಲಗಳೆಯುವುದಿಲ್ಲ. "ಅಳೋಕೇನು, ಈರುಳ್ಳಿ ಹೆಚ್ಚಿದ್ರೂ ಕಣ್ಣೀರು ಬರುತ್ತೆ" ಅನ್ನುತ್ತಾಳೆ, ಅಷ್ಟೇ. ಕ್ಯಾಮೆರಾದವರು ಹಗ್ಗದ ಸುತ್ತ ಮುತ್ತಿಕೊಂಡರು. ರಿಂಗಿನ ಡಾಕ್ಟರು ಚೀಲ ಹಿಡಿದು, "ದಾರಿ ಬಿಡಪ್ಪಾ, ತಲೆ ಅಲ್ಲಾಡಿಸಬೇಡ" ಅಂತ ಕೂಗುತ್ತಿದ್ದರು. ಸಜ್ಜನ ತಬ್ಬಿಕೊಂಡ ತಲೆಯನ್ನು ಬಿಡಲೊಲ್ಲ. ಕೊನೆಗೆ ಕೋಚ್ ಬಂದು ಅವನ ತೋಳು ಬಿಡಿಸಬೇಕಾಯಿತು. ಮರುದಿನ ಪತ್ರಿಕೆಗಳಲ್ಲಿ ಆ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ: ಗೆದ್ದೂ ಅತ್ತವನು. ಡಾಕ್ಟರನ್ನು ಚಿತ್ರದಿಂದ ಕತ್ತರಿಸಿದ್ದರು.

ಗೂಳಿಯನ್ನು ಮಲಗಿಸಿದ್ದು ಅವನ ಅಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಅವಳು ಕೆಳಗೆ ಉರುಳೆಗೆ ಬಟ್ಟೆ ಕೊಡುವುದು, ಬಿಡುವು ಸಿಕ್ಕಾಗಲೆಲ್ಲ ಮೆಟ್ಟಿಲು ಹತ್ತಿ ತಮ್ಮನ ಮುಖ ನೋಡಿ ಬರುವುದು. ಅವನಿಗೆ ಪ್ರಜ್ಞೆ ಬಂದ ವಾರದಲ್ಲಿ ಸಜ್ಜನ ಬಂದ. ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ, ಹಿಂದೆ ಫೋಟೊ ತೆಗೆಯುವವರು. ಮಂಚದ ಪಕ್ಕ ನಿಂತಿದ್ದ ನನ್ನ ಹೆಂಡತಿಗೆ ಒಬ್ಬ ಫೋಟೊದವನು, "ಅಕ್ಕಾ, ಒಂಚೂರು ಈ ಕಡೆ ತಿರುಗಿ" ಅಂದ.

"ನಾನು ತಿರುಗಲ್ಲ. ಬೇಕಾದ್ರೆ ನೀನೇ ಸುತ್ತಿ ಬಾ" ಅಂದಳು.

ಅವನು ನಿಜವಾಗಿಯೂ ಸುತ್ತಿ ಬಂದು ತೆಗೆದ. ಅವರು ಹೋದ ಮೇಲೆ ಬುಟ್ಟಿಯನ್ನು ಅವಳು ವಾರ್ಡಿನ ಆಯಾಗೆ ಕೊಟ್ಟುಬಿಟ್ಟಳು. ನಾನು ಒಂದು ಸೇಬು ಎತ್ತಿಕೊಳ್ಳಲು ಹೋದರೆ ಕೈಗೆ ಏಟು ಬಿತ್ತು.

ಬಾಮೈದ ಮನೆಗೆ ಬಂದ, ಆದರೆ ಮೊದಲಿನ ಹಾಗೆ ಅಲ್ಲ. ಬಲಗಾಲು ಎಳೆಯುತ್ತಿದ್ದ. ಮಾತು ಬಾಯಲ್ಲೇ ಕಲಸಿಹೋಗಿ, ಅಕ್ಕನಿಗೂ ನನಗೂ ಬಿಟ್ಟು ಇನ್ನಾರಿಗೂ ತಿಳಿಯುತ್ತಿರಲಿಲ್ಲ. ಹಳೆಯದೆಲ್ಲ ನೆನಪಿತ್ತು, ಹೊಸದು ಮಾತ್ರ ತೂತು ಪಾತ್ರೆಯಲ್ಲಿ ಹಾಕಿದ ನೀರಿನ ಹಾಗೆ ಸೋರಿಹೋಗುತ್ತಿತ್ತು. ಬೆಳಿಗ್ಗೆ ಬಂದವರು ಸಂಜೆಗೆ ನೆನಪಿನಲ್ಲಿ ಇಲ್ಲ. ಕೈಗೆ ಕೆಲಸ ಇರಲಿ ಅಂತ ಅವಳು ಮನೆಯ ಟವೆಲ್ಲುಗಳನ್ನು ಅವನ ಮುಂದೆ ಸುರಿದು ಮಡಿಸಲು ಹೇಳುತ್ತಿದ್ದಳು. ಅವನು ಮಡಿಸಿ ಮುಗಿಸಿದ ಮೇಲೆ ಒಳಗೆ ಒಯ್ದು ಬಿಡಿಸಿ ತಂದು ಮತ್ತೆ ಸುರಿಯುತ್ತಿದ್ದಳು. ಒಂದು ಬಕೆಟ್ ಎತ್ತದವನು ಹೀಗೆ ಮನೆಕೆಲಸಕ್ಕೆ ಬಿದ್ದ.

ಅತ್ತ ಸಜ್ಜನ ಆಮೇಲಿನ ಪಂದ್ಯಗಳಲ್ಲಿ ಸಾಲಾಗಿ ಸೋತ. ಸೋತದ್ದಕ್ಕೂ ಜನ ಅವನನ್ನೇ ಹೊಗಳಿದರು: "ಪಾಪ, ಆ ಘಟನೆ ಆದ ಮೇಲೆ ಅವನಿಗೆ ಕೈಯೆತ್ತೋಕೇ ಮನಸ್ಸು ಬರ್ತಿಲ್ಲ." ನಾನು ಆ ಪಂದ್ಯಗಳನ್ನೂ ನೋಡಿದ್ದೇನೆ. ಮನಸ್ಸೇನೋ ಬರುತ್ತಿತ್ತು, ಏಟು ತಗಲುತ್ತಿರಲಿಲ್ಲ. ಹೀಗೆ ಗ್ಲೌಸ್ ಕಳಚಿದವನು ಒಳ್ಳೆಯತನವನ್ನೇ ಕಸುಬು ಮಾಡಿಕೊಂಡ. ಶಾಲೆಗಳಿಗೆ ಹೋಗಿ ಶಿಸ್ತಿನ ಬಗ್ಗೆ ಮಾತಾಡಿದ. ಕಚೇರಿಗಳಿಗೆ ಹೋಗಿ ತಾಳ್ಮೆಯ ಬಗ್ಗೆ ಮಾತಾಡಿದ. ಜೈಲಿಗೆ ಹೋಗಿ ಕೈದಿಗಳಿಗೆ ಕ್ಷಮೆಯ ಬಗ್ಗೆ ಹೇಳಿದ; ಅವರು ಎದ್ದು ಹೋಗುವ ಹಾಗಿರಲಿಲ್ಲವಾದ್ದರಿಂದ ಪೂರ್ತಿ ಕೇಳಿದರು. ಪ್ರತಿ ಭಾಷಣದ ಕೊನೆಯಲ್ಲೂ ಸ್ವಲ್ಪ ತಡೆದು, ಗಂಟಲು ಸರಿಮಾಡಿಕೊಂಡು, "ನನ್ನ ತಮ್ಮ ಗೂಳಿಯನ್ನು ಇವತ್ತಿಗೂ ವಾರಕ್ಕೊಮ್ಮೆ ಹೋಗಿ ನೋಡ್ತೀನಿ. ಅವನ ಕೈ ಹಿಡಿದು ಕೂತ್ಕೋತೀನಿ" ಅನ್ನುತ್ತಿದ್ದ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅವನು ಆಸ್ಪತ್ರೆಗೆ ಬಂದ ಆ ಒಂದು ದಿನ ಬಿಟ್ಟರೆ ಗೂಳಿಯ ಮುಖ ನೋಡಿರಲಿಲ್ಲ, ನಮ್ಮ ಹೊಸ್ತಿಲನ್ನಂತೂ ತುಳಿದೇ ಇರಲಿಲ್ಲ.

ಒಂದು ಸಂಜೆ ಟಿವಿಯಲ್ಲಿ ಅವನ ಸಂದರ್ಶನ. ಟವೆಲ್ ಮಡಿಸುತ್ತಿದ್ದ ಬಾಮೈದ ಕೈ ನಿಲ್ಲಿಸಿ ನೋಡಿದ. ವಾರಕ್ಕೊಮ್ಮೆ ಅನ್ನುವ ಮಾತು ಬಂತು. ಇವನ ಮುಖ ಅರಳಿತು.

"ಅಕ್ಕಾ, ಸಜ್ಜನ ಬರ್ತಾನಾ ನಮ್ಮನೆಗೆ?"

"ಇಲ್ಲ."

"ಬರ್ತೀನಿ ಅಂದನಲ್ಲ?"

"ಸುಳ್ಳು ಹೇಳ್ತಾನೆ."

ಅರಳಿದ ಮುಖ ಹಾಗೇ ಮುದುಡಿತು. ಮರುದಿನಕ್ಕೆ ಅದನ್ನು ಮರೆಯುತ್ತಾನೆ ಅಂದುಕೊಂಡೆವು. ಬೇರೆಲ್ಲ ಮರೆತ, ಇದೊಂದು ಹೇಗೋ ಉಳಿದುಕೊಂಡಿತು. ದಿನಾ ಕೇಳುವುದು, ಇವಳು ಇಲ್ಲ ಅನ್ನುವುದು, ಅವನು ಹೊಸದಾಗಿ ಕೇಳಿದವನ ಹಾಗೆ ನೊಂದುಕೊಳ್ಳುವುದು. ಒಂದೇ ಏಟು ದಿನಾ ತಿಂದ ಹಾಗೆ. ಅವಳು ಹಠಮಾರಿ, ಹುಟ್ಟಿದಂದಿನಿಂದ ಯಾರ ಮನಸ್ಸು ಹಿಡಿಯುವುದಕ್ಕೂ ಒಂದು ಸುಳ್ಳು ಹೇಳಿದವಳಲ್ಲ. ನೆಂಟರ ಮಗುವನ್ನು ನೋಡಿ "ಮೂಗು ದಪ್ಪ" ಅಂದು ಅವರ ಮನೆಯ ಬಾಗಿಲೇ ಮುಚ್ಚಿಸಿಕೊಂಡವಳು. ಅಂಥವಳು ಒಂದು ದಿನ, ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವಾಗ ಅವನು ಅದೇ ಪ್ರಶ್ನೆ ಕೇಳಿದ್ದಕ್ಕೆ, ಗೋಡೆ ನೋಡಿಕೊಂಡು, "ಹೂಂ, ಬಂದಿದ್ದ" ಅಂದಳು.

ಅವನು ಟವೆಲ್ ಕೆಳಗೆ ಹಾಕಿದ. "ಯಾವಾಗ?"

"ಮೊನ್ನೆ ಮಧ್ಯಾಹ್ನ, ನನ್ನ ರಜೆ ದಿನ. ನೀನು ನಿದ್ದೆ ಮಾಡ್ತಿದ್ದೆ. ಎಬ್ಬಿಸಬೇಡಿ ಅಂದ."

"ಏನಂದ ನನ್ನ ಬಗ್ಗೆ?"

ಅವಳು ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡಿದೆ. "ಗೂಳಿ ಗಟ್ಟಿ ಆಳು ಅಂದ" ಅಂದಳು.

"ನಾನು ಕೊಟ್ಟ ಎಡಗೈ ಏಟು ನೆನಪಿದೆಯಂತಾ?"

"ಮರೀತಾನಾ? ಇನ್ನೂ ದವಡೆ ನೋಯುತ್ತಂತೆ. ಗಟ್ಟಿ ಪದಾರ್ಥ ಅಗಿಯೋಕೆ ಆಗಲ್ಲವಂತೆ."

ಬಾಮೈದ ನಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಹಾಗೆ ಹೊಟ್ಟೆಯಿಂದ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅಲ್ಲಿಂದ ಶುರುವಾಯಿತು. ವಾರ ವಾರ ಸಜ್ಜನ ಬಂದು ಹೋಗತೊಡಗಿದ. ಅವನು ಏನು ಹಾಕಿಕೊಂಡಿದ್ದ, ಎಲ್ಲಿ ಕೂತಿದ್ದ, ಟೀಗೆ ಎಷ್ಟು ಸಕ್ಕರೆ ಕೇಳಿದ, ಎಲ್ಲವನ್ನೂ ಇವಳೇ ಹುಟ್ಟಿಸಬೇಕು. ಕಾದ ಉರುಳೆಯ ಮುಂದೆ ನಿಂತು ದಿನವಿಡೀ ಕೈ ಸುಟ್ಟುಕೊಂಡು ಬಂದವಳು, ಕೂತು ಅವನ ವಿನಯವನ್ನು ನೇಯಬೇಕು. ಅದರಲ್ಲೂ ಇವಳಿಗೆ ಅರೆಮನಸ್ಸಿನ ಕೆಲಸ ಬರುವುದಿಲ್ಲ. ಅವಳು ಮಾಡಿದ ಸಜ್ಜನ ನಿಜಕ್ಕೂ ಬಲು ಒಳ್ಳೆಯವನು. ಗೂಳಿಯ ಚಪ್ಪಲಿಯ ಹರಿದ ಬಾರು ಹೊಲಿಸಿಕೊಂಡು ಬಂದವನು. ತಾನು ನಿಲ್ಲಿಸಬೇಕಿತ್ತು, ಹಗ್ಗಕ್ಕೆ ಒರಗಿದವನಿಗೆ ಹೊಡೆಯಬಾರದಿತ್ತು ಅಂತ ಒಪ್ಪಿಕೊಂಡವನು. ಅದನ್ನು ಕೇಳಿದ ದಿನ ಬಾಮೈದ ಮಡಿಸುತ್ತಿದ್ದ ಟವೆಲ್ಲನ್ನು ಪಕ್ಕಕ್ಕಿಟ್ಟು, "ಹೋಗ್ಲಿ ಬಿಡು ಅಂತ ಹೇಳಕ್ಕಾ ಅವನಿಗೆ" ಅಂದ.

ಆ ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಾ ಅವಳು ನನಗೆ ಹೇಳಿದಳು: "ಆ ಲಫಂಗನ ಪಾಲಿನ ಒಳ್ಳೆತನಾನೂ ನಾನೇ ಮಾಡಬೇಕಾ ರೀ? ಇದಕ್ಕಿಂತ ಅವನ ಒಳಬಟ್ಟೆ ಒಗೆಯೋದು ವಾಸಿ."

ಕೆಲವು ವರ್ಷಗಳಾದ ಮೇಲೆ ಒಳಾಂಗಣ ಕ್ರೀಡಾಂಗಣಕ್ಕೆ ಸಜ್ಜನನ ಹೆಸರಿಡುವುದು ಅಂತಾಯಿತು. ಸಮಿತಿಯ ಕಾರ್ಯದರ್ಶಿ ಮನೆಗೆ ಬಂದು, ಗೂಳಿ ವೇದಿಕೆಯ ಮೇಲೆ ಇರಲೇಬೇಕು ಅಂದ. "ನೋಡಿ, ಅವರಿಬ್ಬರ ಸ್ನೇಹ ಮಕ್ಕಳಿಗೆ ಆದರ್ಶ" ಅಂತ ಅವನು ಕುರ್ಚಿಯ ಅಂಚಿನಲ್ಲಿ ಕೂತು ಹೇಳುತ್ತಿದ್ದರೆ, ಇವಳು, "ಯಾವ ಸ್ನೇಹ?" ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಬಾಮೈದ, "ಅಕ್ಕಾ, ನನ್ನ ನೀಲಿ ಅಂಗಿ ಎಲ್ಲಿ?" ಅಂತ ಕೂಗಿದ. ಅವಳ ಬಾಯಿಗೆ ಬೀಗ ಬಿತ್ತು. ಬೀಗದ ಕಸುಬಿನವನಾದ ನನಗೂ ಅಂಥ ಬೀಗ ಗೊತ್ತಿರಲಿಲ್ಲ.

ಸಮಾರಂಭದ ದಿನ ಶಾಲೆಯ ಮಕ್ಕಳನ್ನು ಬೆಳಿಗ್ಗೆಯಿಂದಲೇ ತಂದು ಕೂರಿಸಿದ್ದರು. ಆದರ್ಶ ಬರುವ ಹೊತ್ತಿಗೆ ಅವರು ಆಕಳಿಸಿ ಸುಸ್ತಾಗಿದ್ದರು. ಒಬ್ಬ ಭಾಷಣಕಾರ, ಸಜ್ಜನನ ಮುಷ್ಟಿಯಲ್ಲಿ ಕರುಣೆ ಇತ್ತು ಅಂದ. ಮೊದಲ ಸಾಲಿನಲ್ಲಿದ್ದ ನನ್ನ ಹೆಂಡತಿ, "ಅದಕ್ಕೇ ನನ್ನ ತಮ್ಮನ ತಲೆಗೆ ಅಷ್ಟು ಕರುಣೆ ಬಿತ್ತು" ಅಂದಳು, ಸ್ವಲ್ಪ ಜೋರಾಗಿಯೇ. ಇನ್ನೊಬ್ಬ, ಇಂಥ ಬಾಕ್ಸರುಗಳು ಮನೆಗೊಬ್ಬರು ಹುಟ್ಟಬೇಕು ಅಂದ. ಆಮೇಲೆ ಸಜ್ಜನ ಎದ್ದ. ಕೋಟು, ಹೊಳೆಯುವ ಬೂಟು. ತನ್ನ ಮಾಮೂಲಿ ಮಾತು ಮುಗಿಸಿ, ಗೂಳಿಯನ್ನು ಕುರ್ಚಿಯಿಂದ ಎಬ್ಬಿಸಿ, ಎದೆಗೆ ಒತ್ತಿ ತಬ್ಬಿದ. ಕ್ಯಾಮೆರಾಗಳು ಮಿಂಚಿದವು. ತಬ್ಬಿದವನು ಬಿಡಲೊಲ್ಲ.

ಬಾಮೈದ ಏನೋ ಹೇಳಿದ. ಸಜ್ಜನ ಕಿವಿಕೊಟ್ಟ. ಬಾಮೈದ ಮುಖ ಹಿಂಡಿಕೊಂಡು ಮತ್ತೆ ಹೇಳಿದ. ಸಜ್ಜನ ಕಣ್ಣು ತುಂಬಿಕೊಂಡು ಮೈಕಿನ ಕಡೆ ಬಾಗಿದ. "ಇವನು ಏನು ಹೇಳ್ತಿದ್ದಾನೆ ಗೊತ್ತಾ? 'ಅಣ್ಣಾ, ನನ್ನ ಬಿಟ್ಟು ಹೋಗಬೇಡ' ಅಂತಿದ್ದಾನೆ."

ಚಪ್ಪಾಳೆ ಚಾವಣಿ ಮುಟ್ಟಿತು. ನನ್ನ ಹೆಂಡತಿ ಎದ್ದಳು. ನಾನು ಸೆರಗು ಹಿಡಿಯಲು ಹೋದೆ, ಸಿಗಲಿಲ್ಲ. ದಡದಡ ಮೆಟ್ಟಿಲು ಹತ್ತಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ಅವನು ಹಾಗನ್ನಲಿಲ್ಲ. 'ಕಾಲು ತುಳೀತಿದ್ದೀಯಾ, ತೆಗಿಯೋ' ಅಂದ."

ಎಲ್ಲರೂ ಕೆಳಗೆ ನೋಡಿದರು. ಆ ಹೊಳೆಯುವ ಬೂಟು ನನ್ನ ಬಾಮೈದನ ಎಳೆಯುವ ಕಾಲಿನ ಮೇಲೆ ಭದ್ರವಾಗಿ ಊರಿತ್ತು. ಈಗಲಾದರೂ ಇವನ ಬಂಡವಾಳ ಬಯಲಾಯಿತು ಅಂತ ನಾನು ಮುಷ್ಟಿ ಬಿಗಿಹಿಡಿದೆ. ಆದರೆ ಮಕ್ಕಳು ನಕ್ಕರು, ಮಕ್ಕಳ ಹಿಂದೆ ದೊಡ್ಡವರು ನಕ್ಕರು, ಎಲ್ಲರಿಗಿಂತ ಹೆಚ್ಚಾಗಿ ಸಜ್ಜನ ನಕ್ಕ. ಕೂಡಲೇ ಕಾಲು ತೆಗೆದು, ಬಗ್ಗಿ ಗೂಳಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಎದ್ದು ನಿಂತು ಚಪ್ಪಾಳೆ ಹೊಡೆದರು ಜನ. "ಎಂಥ ವಿನಯ ನೋಡ್ರೀ" ಅಂತ ನನ್ನ ಪಕ್ಕದವನು ನನ್ನ ಭುಜ ತಟ್ಟಿದ. ಕೆಲವರನ್ನು ಬೀಳಿಸಲು ಆಗುವುದೇ ಇಲ್ಲ. ಬಿದ್ದ ಜಾಗದಲ್ಲೇ ಇನ್ನೊಂದು ಪೀಠ ಎದ್ದಿರುತ್ತದೆ.

ವೇದಿಕೆಯ ಹಿಂದಿನ ಓಣಿಯಲ್ಲಿ, ಮಡಚಿದ ಕುರ್ಚಿಗಳ ರಾಶಿಯ ಪಕ್ಕ, ಅವಳು ಅವನನ್ನು ನಿಲ್ಲಿಸಿದಳು. ಉಗಿಯುತ್ತಾಳೆ ಅಂದುಕೊಂಡೆ. ಬದಲಿಗೆ ಅವಳು ಬೇಡಿದಳು. ಅವಳ ಬಾಯಿಂದ ಅಂಥ ದನಿ ನಾನು ಅದಕ್ಕೆ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ.

"ಒಂದ್ಸಲ ಮನೆಗೆ ಬಾರಪ್ಪಾ. ಕ್ಯಾಮೆರಾ ಇಲ್ದೆ. ಅವನು ನಿನ್ನ ದಾರಿ ಕಾಯ್ತಾನೆ. ನೀನು ಬಂದಿದ್ದೆ, ಬಂದಿದ್ದೆ ಅಂತ ನಾನು ವಾರವಾರ ಸುಳ್ಳು ಹೇಳ್ತೀನಿ. ನಿನ್ನ ಮಾತೆಲ್ಲ ನಾನೇ ಕಟ್ಟಿ ಹೇಳ್ತೀನಿ. ನನಗೆ ಸಾಕಾಗಿದೆ."

ಸಜ್ಜನ ನಿಂತಲ್ಲೇ ನಿಂತ. ಅವನ ಕಣ್ಣಿನಲ್ಲಿ ನೀರು ಬಂತು. ಇಲ್ಲಿ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಅವನ ಎದೆಗೂ ಮಾತು ನಾಟಿತು ಅಂತ ನಾನು ನಂಬಿದೆ. ಅವಳ ಕೈ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದ:

"ಅಕ್ಕಾ... ಇದನ್ನ ನಾನು ಭಾಷಣದಲ್ಲಿ ಹೇಳಬಹುದಾ?"

ಅವಳು ಕೈ ಬಿಡಿಸಿಕೊಂಡಳು. ಸೀರೆಗೆ ಒರೆಸಿಕೊಂಡಳು. "ಹೇಳಿ ನೋಡು. ಮುಂದಿನ ಸಾಲಲ್ಲಿ ಬಂದು ಕೂತ್ಕೋತೀನಿ" ಅಂದಳು.

ಅವನು ಹೇಳಲಿಲ್ಲ. ಅಷ್ಟೇ ಅಲ್ಲ, ಕೆಲವು ವಾರ ಕಳೆದ ಮೇಲೆ, ಅವಳ ರಜೆಯ ದಿನದ ಮಧ್ಯಾಹ್ನ, ಒಬ್ಬನೇ ನಮ್ಮ ಮನೆಗೆ ಬಂದ. ಹೆದರಿ ಬಂದನೋ, ನಾಚಿ ಬಂದನೋ, ಇವತ್ತಿಗೂ ನನಗೆ ತಿಳಿಯದು. ಮಾಸಲು ಅಂಗಿ, ಕನ್ನಡಕ, ಕೈಯಲ್ಲಿ ಏನೂ ಇಲ್ಲ. ಕೋಟಿಲ್ಲದೆ ಅವನು ಯಾವುದೋ ಅಂಗಡಿಯ ಗುಮಾಸ್ತನ ಹಾಗೆ ಕಾಣುತ್ತಿದ್ದ, ನನಗೇ ಮೊದಲು ಗುರುತು ಹತ್ತಲಿಲ್ಲ. ಚಾಪೆಯ ಮೇಲೆ ಟವೆಲ್ ಮಡಿಸುತ್ತಿದ್ದ ಬಾಮೈದನ ಎದುರು ಕೂತು, "ಗೂಳಿ, ನಾನು ಕಣೋ" ಅಂದ.

ಬಾಮೈದ ನೋಡಿದ. "ಯಾರು?" ಅಂದ. ನಾನು ಆ ಮಾತನ್ನು ಬಿಡಿಸಿ ಹೇಳಿದೆ.

"ನಾನು. ಸಜ್ಜನ."

ತನ್ನ ಬಾಯಿಂದಲೇ ತಾನು ಸಜ್ಜನ ಅಂದ! ಬಾಮೈದನಿಗೆ ನಗು ತಡೆಯಲಾಗಲಿಲ್ಲ. "ಅಕ್ಕಾ, ಇವನು ಸಜ್ಜನನಂತೆ! ಸಜ್ಜನ ಮೊನ್ನೆ ಬಂದಿದ್ದನಲ್ಲ. ಕೇಳಿ ಭಾವ ಇವನನ್ನ, ನಿನ್ನ ದವಡೆ ನೋಯುತ್ತಾ ಅಂತ."

ನಾನು ಕೇಳಿದೆ. "ನಿನ್ನ ದವಡೆ ನೋಯುತ್ತಾ ಅಂತ ಕೇಳ್ತಿದ್ದಾನೆ."

ಸಜ್ಜನನಿಗೆ ತಲೆಬುಡ ತಿಳಿಯಲಿಲ್ಲ. ದವಡೆ ಸವರಿಕೊಂಡು, "ಇಲ್ಲ, ನನಗೇನೂ ನೋವಿಲ್ಲ" ಅಂದ. ಜನ್ಮದಲ್ಲಿ ಒಂದು ಸಲ ಸತ್ಯ ನುಡಿದ, ಅದೂ ಹೊತ್ತಲ್ಲದ ಹೊತ್ತಿನಲ್ಲಿ.

"ನೋಡಿದ್ಯಾ!" ಬಾಮೈದ ಟವೆಲ್ಲು ಎತ್ತಿ ಅವನತ್ತ ಬೀಸಿದ. "ಸುಳ್ಳುಗಾರ! ಸಜ್ಜನನ ಹೆಸರು ಹೇಳ್ಕೊಂಡು ಮನೆಗೆ ನುಗ್ಗಿದ್ದಾನೆ. ಆಚೆ ಹಾಕಕ್ಕಾ ಇವನನ್ನ."

ಸಜ್ಜನ ನನ್ನ ಹೆಂಡತಿಯ ಕಡೆ ತಿರುಗಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ನೀವಾದ್ರೂ ಹೇಳಿ. ನೀವೇ ಕರೆದಿದ್ದಲ್ವಾ?"

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ತಮ್ಮನ ಮುಖ ನೋಡಿದಳು.

"ಯಾರೋ ಮನೆ ತಪ್ಪಿ ಬಂದಿದ್ದಾರೆ ತಮ್ಮ. ಬಿಸಿಲಲ್ಲಿ ಬಂದಿದ್ದಾರೆ, ಪಾಪ, ಟೀ ಕುಡಿದು ಹೋಗ್ಲಿ ಬಿಡು" ಅಂದಳು.

ಟೀ ಮಾಡಿ ತಂದು ಕೊಟ್ಟಳು. ಅವನು ಕುಡಿದ. ಏನು ಮಾಡಿಯಾನು? ಇಡೀ ನಾಡಿಗೆ ಪರಿಚಯವಿದ್ದ ಮನುಷ್ಯ, ಮೊಣಕಾಲು ಮಡಚಿ ನಮ್ಮ ಚಾಪೆಯ ತುದಿಯಲ್ಲಿ ಕೂತು, ಬಾಯಿ ಸುಟ್ಟುಕೊಂಡು ಟೀ ಮುಗಿಸಿದ. ಬಾಮೈದ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ, ಎಲ್ಲಿ ಏನು ಕದ್ದುಬಿಡುತ್ತಾನೋ ಅಂತ.

ನಾನು ರಸ್ತೆಯವರೆಗೆ ಜೊತೆಗೆ ಹೋದೆ. ಕಾರಿನ ಬಾಗಿಲು ಹಿಡಿದುಕೊಂಡು ಅವನು ಕೇಳಿದ, "ಅವರು ಯಾಕಣ್ಣಾ ಹಾಗಂದ್ರು?"

"ಮನೆಗೆ ಬರೋ ಸಜ್ಜನನ ಮೇಲೆ ಅವಳು ತುಂಬಾ ದುಡಿದಿದ್ದಾಳೆ. ನಿನ್ನನ್ನ ಒಳಗೆ ಬಿಟ್ಟುಕೊಂಡ್ರೆ ಅದೆಲ್ಲ ಕೆಟ್ಟುಹೋಗುತ್ತೆ" ಅಂದೆ.

ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿ ಹೋದ. ಮತ್ತೆ ಬರಲಿಲ್ಲ. ಬರಬೇಡ ಅಂತ ಯಾರೂ ಹೇಳಿರಲಿಲ್ಲ.

ನನಗೆ ಮನಸ್ಸು ತಡೆಯದೆ, "ಪಾಪ ಕಣೇ, ಬಂದಿದ್ದನಲ್ಲ ಕೊನೆಗೂ" ಅಂದೆ. ಅವಳು ಲೋಟ ತೊಳೆಯುತ್ತಿದ್ದಳು.

"ಬಂದ. ಇವತ್ತು ಬಂದ. ಇವನೇ ಅವನು ಅಂತ ಒಪ್ಪಿಸಿದ್ರೆ ನಾಳೆಯಿಂದ ನನ್ನ ತಮ್ಮ ಬಾಗಿಲು ನೋಡ್ತಾ ಕೂರ್ತಾನೆ. ಇವನು ಇನ್ನೊಂದು ವರ್ಷ ಈ ಕಡೆ ತಲೆ ಹಾಕಲ್ಲ. ನನ್ನ ಸಜ್ಜನ ವಾರವಾರ ಬರ್ತಾನೆ. ತಪ್ಪಿಸಲ್ಲ."

ಅವಳು ಅವನನ್ನು 'ನನ್ನ ಸಜ್ಜನ' ಅಂದದ್ದು ಆಗಲೇ ಮೊದಲು. ಹೇಳಿದ ಮೇಲೆ ಅವಳಿಗೇ ಹೇಸಿಗೆಯಾಗಿ ಲೋಟವನ್ನು ಕುಕ್ಕಿದಳು.

ಮುಂದಿನ ವರ್ಷ ಚಳಿಯಲ್ಲಿ ಬಾಮೈದನಿಗೆ ಎದೆ ಕಟ್ಟಿತು. ಅದೇ ಆಸ್ಪತ್ರೆ, ಬೇರೆ ವಾರ್ಡು. ಉಸಿರಿಗೆ ಒದ್ದಾಡುತ್ತಲೇ, "ಬಂದಿದ್ನಾ ಅಕ್ಕಾ?" ಅಂದ. "ಹೊರಗೆ ಕೂತಿದ್ದಾನೆ. ಒಳಗೆ ಒಬ್ಬರನ್ನೇ ಬಿಡೋದಂತೆ" ಅಂದಳು. ಅವನಿಗೆ ಸಮಾಧಾನವಾಯಿತು. "ಹಾಗಾದ್ರೆ ನೀನು ಹೋಗು, ಅವನನ್ನ ಕಳಿಸು" ಅಂದ. ಅವಳು ಎದ್ದು ಬಾಗಿಲ ಹೊರಗೆ ಬಂದು ನನ್ನ ಪಕ್ಕ ನಿಂತಳು. ಅವಳನ್ನು ಒಳಗೆ ಹೋಗು ಅನ್ನುವ ಧೈರ್ಯ ನನಗಾಗಲಿಲ್ಲ. ನಾವಿಬ್ಬರೂ ಮತ್ತೆ ಒಳಗೆ ಹೋಗುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

ಹಾಸಿಗೆ ಬಟ್ಟೆ ತೆಗೆಯಲು ಬಂದ ಆಯಾಳನ್ನು ಅವಳು ಮುಟ್ಟಗೊಡಲಿಲ್ಲ. ತಾನೇ ಸುತ್ತಿಕೊಂಡು ಕೆಳಗೆ ಒಯ್ದು, ಒಗೆಯಲು ಹಾಕಿ, ಹಿಂಡಿಸಿ, ಉರುಳೆಗೆ ಕೊಟ್ಟಳು. ಆ ಕಡೆಯ ತುದಿಯನ್ನು ಜೊತೆಯವಳು ಹಿಡಿದಳಂತೆ. ಮಡಿಸಿ ಮಿಕ್ಕವುಗಳ ಜೊತೆ ಕಪಾಟಿನಲ್ಲಿಟ್ಟು ಬಂದಳು.

ಸಜ್ಜನ ಅಂತ್ಯಕ್ರಿಯೆಗೆ ಬರಲಿಲ್ಲ. ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಹೂವಿನ ಚಕ್ರ ಬಂತು, ಎಲ್ಲ ಮುಗಿದ ಮೇಲೆ. ಪತ್ರಿಕೆಯಲ್ಲಿ ಅವನ ಸಂತಾಪವೂ ಬಂತು, ವಾರಕ್ಕೊಮ್ಮೆ ಕೈ ಹಿಡಿದು ಕೂರುತ್ತಿದ್ದ ಮಾತಿನೊಂದಿಗೆ. ಓದಿ ಹೇಳಿದೆ. "ಹೂಂ, ಕೂರ್ತಿದ್ದ" ಅಂದಳು ಅವಳು, ಮುಖ ಆಚೆ ತಿರುಗಿಸಿ.

ಈಗ ಅವಳಿಗೆ ನಿವೃತ್ತಿಯಾಗಿದೆ. ಮಕ್ಕಳಿಗೆ ಹೊಸ ಆದರ್ಶ ಪುರುಷರು ಸಿಕ್ಕಿದ್ದಾರೆ, ಸಜ್ಜನನನ್ನು ಭಾಷಣಕ್ಕೆ ಕರೆಯುವವರಿಲ್ಲ. ಮಂಡಿನೋವಿನ ಎಣ್ಣೆಯ ಜಾಹೀರಾತಿನಲ್ಲಿ ಬರುತ್ತಾನೆ, ಅದೇ ಮುಗುಳ್ನಗೆ. ನನಗೂ ಮಂಡಿ ಹಿಡಿದುಕೊಂಡಿದೆಯಾದ್ದರಿಂದ ಒಂದು ಬಾಟಲಿ ತಂದೆ. ಅವಳು ಮೂಗು ಮುರಿದಳು; ಆದರೂ ತಾನೇ ನನ್ನ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು ತಿಕ್ಕಿದಳು.

"ಕಡಿಮೆ ಆಯ್ತಾ?"

"ಇಲ್ಲ."

"ಆಗಲ್ಲ ಬಿಡಿ" ಅಂದು ಎದ್ದು ಹೋಗಿ, ಉಳಿದ ಎಣ್ಣೆಯನ್ನು ಹಿತ್ತಲ ಬಾಗಿಲಿನ ಕೀಲುಗಳಿಗೆ ಬಿಟ್ಟಳು. ಕದವನ್ನು ಹಿಂದೆ ಮುಂದೆ ಆಡಿಸಿ ನೋಡಿದಳು. ಕಿರುಗುಟ್ಟುವುದು ನಿಂತಿತ್ತು.